ಸೀಟಿನ ಮೂತಿ

ಸೀಟಿನ ಮೇಲಿಟ್ಟ ರಸಮಟ್ಟದೊಳಗಿನ ಗುಳ್ಳೆ ಅತ್ತ ಒಮ್ಮೆ, ಇತ್ತ ಒಮ್ಮೆ ಜಾರಿ, ಕೊನೆಗೆ ಎರಡು ಗೆರೆಗಳ ನಡುವೆ ಬಂದು ನಿಂತಿತು. ಸೈಕಲ್ಲಿನ ಪಕ್ಕ ಮಂಡಿಯೂರಿ ಅದನ್ನೇ ನೋಡುತ್ತಿದ್ದ ಜಟ್ಟಿಂಗಪ್ಪ ಸೀಟಿನ ಕೆಳಗಿನ ನಟ್ಟನ್ನು ಇನ್ನರ್ಧ ಸುತ್ತು ಬಿಗಿದ. ಗುಳ್ಳೆ ಅಲುಗಲಿಲ್ಲ. ರಸಮಟ್ಟವನ್ನು ಎರಡು ಕೈಯಲ್ಲೂ ಎತ್ತಿ, ಅಂಗಿಯ ತುದಿಯಿಂದ ಒರೆಸಿ, ಜಗಲಿಯ ಮೇಲೆ ಇಟ್ಟ.

"ಹತ್ತು ಈಗ. ಕೆರೆ ನೀರು ನಿಂತಂಗೆ ನಿಲ್ಸಿದೀನಿ ನೋಡು."

ಹೂವಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನಿರಿಗೆಗೆ ಚುಚ್ಚಿದ್ದ ಪಿನ್ನನ್ನು ಮುಟ್ಟಿ ನೋಡಿಕೊಂಡು ಸೈಕಲ್ ಹತ್ತಿದಳು. ಅಂಗಳ ದಾಟಿ, ಮನೆಯ ಮುಂದಿನ ಖಾಲಿ ಕಣವನ್ನು ಸುತ್ತು ಹಾಕಿ ಬಂದಳು. ಕಣದ ನೆಲ ಗಟ್ಟಿಯಾಗಿತ್ತು, ಚಕ್ರ ಸಲೀಸಾಗಿ ಉರುಳಿತು. ತಿರುವಿನಲ್ಲಿ ಮಾತ್ರ ಅವಳು ಸೀಟಿನಿಂದ ಒಂದಿಷ್ಟು ಮೇಲೆದ್ದು ಪೆಡಲಿನ ಮೇಲೆಯೇ ನಿಂತಿದ್ದಳು. ಅದನ್ನು ಗಂಡ ಗಮನಿಸಲಿಲ್ಲ. ಅವನ ಕಣ್ಣು ಸೀಟಿನ ಸ್ಪ್ರಿಂಗುಗಳ ಮೇಲಿತ್ತು.

"ಹೆಂಗದೆ?"

"ಅಡ್ಡಿಲ್ಲ," ಎಂದಳು ಹೂವಮ್ಮ, ಇಳಿಯುತ್ತ.

ಹಿಂದಿನ ಭಾನುವಾರವೂ ಅವಳು ಹೇಳಿದ್ದು ಅದನ್ನೇ. ಅದರ ಹಿಂದಿನ ಭಾನುವಾರವೂ ಅದನ್ನೇ.

ಅವಳು ಹೊಸನಗರದಿಂದ ಹುಂಚಕ್ಕೆ ಹೋಗುವ ದಾರಿಯ ಊರುಗಳಿಗೆ ನರ್ಸು. ಹೆರಿಗೆ, ಬಾಣಂತಿ, ಮಕ್ಕಳ ಚುಚ್ಚುಮದ್ದು, ಇವೆಲ್ಲ ಅವಳ ಪಾಲು. ಹೋದ ವರ್ಷದವರೆಗೂ ನಡೆದೇ ಹೋಗುತ್ತಿದ್ದಳು. ಮಳೆಗಾಲ ಮುಗಿಯುತ್ತಿದ್ದಂತೆ ಆಸ್ಪತ್ರೆಯಿಂದ ಅವಳಿಗೊಂದು ಹೆಂಗಸರ ಸೈಕಲ್ಲು ಬಂತು. ಹಳೆಯದು, ಬಣ್ಣ ಹೋದದ್ದು. ಆದರೂ ನಡುವೆ ಅಡ್ಡ ಕಂಬಿ ಇಲ್ಲದ್ದರಿಂದ ಸೀರೆ ಉಟ್ಟು ಹತ್ತಬಹುದಾಗಿತ್ತು. ಇದೇ ಕಣದಲ್ಲಿ ಜಟ್ಟಿಂಗಪ್ಪ ಹಿಂದಿನಿಂದ ಕ್ಯಾರಿಯರ್ ಹಿಡಿದು ಓಡಿ ಓಡಿ ಅವಳಿಗೆ ಕಲಿಸಿದ. ಊರಿನ ಜನ ಬೇಲಿಯ ಆಚೆ ನಿಂತು ನೋಡಿದರು, ನಕ್ಕರು, ಆಮೇಲೆ ಅವರಿಗೂ ರೂಢಿಯಾಯಿತು. ಒಂದು ತಿಂಗಳು ಹೂವಮ್ಮ ಆ ದಾರಿಯಲ್ಲಿ ಹಾರಾಡಿದಳೆಂದೇ ಹೇಳಬೇಕು. ಬೆಳಿಗ್ಗೆ ಒಂದು ಊರು, ಮಧ್ಯಾಹ್ನ ಇನ್ನೊಂದು. ವಾರಕ್ಕೊಮ್ಮೆಯೂ ಮುಖ ಕಾಣದಿದ್ದ ಮನೆಗಳಿಗೆ ದಿನ ಬಿಟ್ಟು ದಿನ ಹೋಗಿಬರುತ್ತಿದ್ದಳು. ಅಷ್ಟರಲ್ಲಿ ಸೈಕಲ್ಲಿನ ಹಳೆಯ ಅಗಲ ಸೀಟು, ಮೊದಲೇ ಸ್ಪ್ರಿಂಗು ಮುರಿದದ್ದು, ಒಂದು ಇಳಿಜಾರಿನಲ್ಲಿ ಬುಡ ಸಮೇತ ಕಳಚಿಕೊಂಡಿತು.

ಜಟ್ಟಿಂಗಪ್ಪ ಕಾರ್ಗಲ್ಲಿನ ಅಣೆಕಟ್ಟು ಪ್ರಾಜೆಕ್ಟಿನ ವರ್ಕ್‌ಶಾಪಿನಲ್ಲಿ ಫಿಟ್ಟರು. ಶನಿವಾರ ಸಂಜೆ ಬಂದು ಭಾನುವಾರ ಮಧ್ಯಾಹ್ನದ ಬಸ್ಸಿಗೆ ಹೊರಡುತ್ತಿದ್ದ. ಸುದ್ದಿ ತಿಳಿದ ಮರುವಾರವೇ ಅವನು ಸಾಗರದ ಪೇಟೆಯಲ್ಲಿ ಇಳಿದು, ಅಂಗಡಿಯಲ್ಲಿದ್ದ ಅತಿ ಒಳ್ಳೆಯ ಸೀಟನ್ನು ಆರಿಸಿ ತಂದ. ದಪ್ಪ ಚರ್ಮ, ಹಿತ್ತಾಳೆಯ ಮೊಳೆ, ಮುಂದೆ ಸಪೂರವಾಗಿ ಚಾಚಿಕೊಂಡ ಉದ್ದ ಮೂತಿ. "ಚರ್ಮದ್ದು ಕಣೆ," ಅಂದಿದ್ದ, ಕಾಗದ ಬಿಚ್ಚುತ್ತ. "ಕೂತಷ್ಟೂ ಮೈಗೆ ಹೊಂದ್ಕಳ್ತದಂತೆ. ನೂರಾರು ಮೈಲಿ ಹೊಡೆಯೋರು ಇದ್ನೇ ಹಾಕ್ಸೋದು." ಆವತ್ತು ಅವನ ಮುಖ ನೋಡಿದವರು ಯಾರೂ ಆ ಸೀಟಿನ ಬಗ್ಗೆ ಒಂದು ಕೆಟ್ಟ ಮಾತು ಆಡಲಾರರು.

ಮೊದಲು ಅವನು ಎತ್ತರ ನೋಡಿದ. ಪೆಡಲು ಕೆಳಗೆ ಬಂದಾಗ ಮೊಣಕಾಲು ಒಂಚೂರೇ ಬಾಗಿರಬೇಕು ಎಂದು ಕಂಬಿಯನ್ನು ಏರಿಸಿ ಇಳಿಸಿ ನಿಲ್ಲಿಸಿದ. ಅದು ಸರಿಯಾಗಿಯೇ ಇತ್ತು, ಅವಳ ಮೊಣಕಾಲು ನೋವು ನಿಂತಿತು. ಆದರೆ ಅವಳು ಮುಂದಕ್ಕೆ ಜಾರಿ ಕೂರುವುದನ್ನು ಕಂಡು ಸೀಟಿನ ಮೂತಿಯನ್ನು ಮೇಲಕ್ಕೆ ಎತ್ತಿದ. ಮುಂದೆ ತಡೆ ಇದ್ದರೆ ಹಿಂದೆ ಕೂರುತ್ತಾಳೆ ಎಂಬುದು ಅವನ ಲೆಕ್ಕ. ಆ ವಾರ ಹೂವಮ್ಮನಿಗೆ ಎರಡು ದಿನ ನೆಟ್ಟಗೆ ಕೂರಲಾಗಲಿಲ್ಲ. ಬಚ್ಚಲಿಗೆ ಹೋದರೆ ಉರಿ. ಬಿಸಿನೀರಿಗೆ ಉಪ್ಪು ಹಾಕಿ ತೊಳೆದುಕೊಂಡು, ಹಲ್ಲು ಕಚ್ಚಿ ಓಡಾಡಿದಳು.

ಸೀಟು ಗಟ್ಟಿ ಎಂದಷ್ಟೇ ಅವಳು ಅತ್ತೆಯ ಹತ್ತಿರ ಹೇಳಿದ್ದು. ಕನ್ನಮ್ಮ ಒಳಗೆ ಹೋಗಿ ಮುರುಗಲು ಬೀಜದಿಂದ ತೆಗೆದ ತುಪ್ಪದ ಉಂಡೆ ತಂದಳು. "ಹಿಮ್ಮಡಿ ಒಡೆದದ್ದೇ ಇದ್ರಲ್ಲಿ ಮೆತ್ತಗಾಗ್ತದೆ. ಚರ್ಮ ಅಂದ್ರೆ ಚರ್ಮನೇ ಅಲ್ದಾ, ದನದ್ದಾದ್ರೆ ಎಂತ, ಮನುಷ್ಯರದ್ದಾದ್ರೆ ಎಂತ." ತುಪ್ಪ ಕರಗಿಸಿ ಅತ್ತೆ ಸೊಸೆ ಸೇರಿ ಮೇಲೊಂದು ಸಲ, ಕೆಳಗೊಂದು ಸಲ ಉಜ್ಜಿ, ಒಲೆಯ ಬಳಿ ಇಟ್ಟರು. ಚರ್ಮ ಮೆತ್ತಗಾಯಿತು, ಆಗಬಾರದಷ್ಟು ಆಯಿತು. ನಡುವೆ ಜೋಲಿಯಂತೆ ಕುಸಿದು, ಮೂತಿ ಮೊದಲಿಗಿಂತ ಎತ್ತರಕ್ಕೆ ನಿಂತಿತು. ಬಿಳಿ ಸೀರೆಯ ಹಿಂಭಾಗಕ್ಕೆ ಎಣ್ಣೆಯ ಕಲೆ ಬೇರೆ. ಶನಿವಾರ ಬಂದ ಜಟ್ಟಿಂಗಪ್ಪ ಸೀಟು ನೋಡಿ, "ಅಯ್ಯೋ ಅವ್ವ, ಇದ್ಕೆ ಒಗ್ಗರಣೆ ಒಂದು ಹಾಕ್ಬೇಕಿತ್ತು ನೀನು," ಎಂದು ತಲೆಯ ಮೇಲೆ ಕೈ ಹೊತ್ತು, ಮೂತಿಯ ಕೆಳಗಿದ್ದ ಸ್ಕ್ರೂ ತಿರುಗಿಸಿ ಚರ್ಮವನ್ನು ಎಳೆದು ಬಿಗಿದ. ಈಗ ಅದರ ನಡುವೆ ಗುಡ್ಡದ ಏಣಿನಂಥ ಒಂದು ಗೆರೆ ಎದ್ದಿತು.

ಹೂವಮ್ಮ ಸೈಕಲ್ಲನ್ನು ತಳ್ಳಿಕೊಂಡು ನಡೆಯಲು ಶುರುಮಾಡಿದ್ದು ಆಗ.

ಬಸ್ಸು ನಿಲ್ಲುವಲ್ಲಿ ಹೇರಂಬ ಭಟ್ಟರ ಹೋಟೆಲು. ಅವರ ಕಣ್ಣು ತಪ್ಪಿಸಿ ಆ ದಾರಿಯಲ್ಲಿ ಒಂದು ಕೋಳಿಯೂ ಹೋಗುವಂತಿರಲಿಲ್ಲ. "ಎಂತ ನರ್ಸಮ್ಮ, ಸೈಕಲ್ಲು ಮೇಯ್ಸಲಿಕ್ಕೆ ಹೊರಟ್ರಾ?" ಎಂದು ಗಲ್ಲಾದಿಂದಲೇ ಕೂಗಿದರು.

"ಅದಕ್ಕೂ ಬಾಣಂತನ ಭಟ್ರೇ," ಎಂದಳು ಹೂವಮ್ಮ ನಿಲ್ಲದೆ. "ಒಂದು ತಿಂಗಳು ಮೇಲೆ ಹತ್ತೋ ಹಂಗಿಲ್ಲ."

ಚಹಾ ಕುಡಿಯುತ್ತಿದ್ದವರೆಲ್ಲ ನಕ್ಕರು. ಅವಳೂ ನಕ್ಕಳು. ಆದರೆ ಆ ದಿನ ಹೆರಿಗೆಗೆ ಕರೆ ಬಂದಿದ್ದ ಮಾಸ್ತಮ್ಮನ ಮನೆ ಮುಟ್ಟುವಷ್ಟರಲ್ಲಿ ಹೊತ್ತು ಮೀರಿತ್ತು. ಕೂಸು ಹುಟ್ಟಿ, ಪಕ್ಕದ ಮನೆಯ ಮುದುಕಿ ಹುಲ್ಲು ಕೊಯ್ಯುವ ಕತ್ತಿಯಿಂದ ಹೊಕ್ಕುಳ ಬಳ್ಳಿ ಕೊಯ್ದು, ಮೇಲೆ ಬೂದಿ ಒತ್ತಿ ಆಗಿತ್ತು. ಹೂವಮ್ಮ ಯಾರನ್ನೂ ಬೈಯಲಿಲ್ಲ. ಬೂದಿ ತೊಳೆದು, ಮದ್ದು ಹಚ್ಚಿ, ಬಟ್ಟೆ ಕಟ್ಟಿ ಬಂದಳು. ಆಮೇಲೆ ದಿನಾ ಬೆಳಿಗ್ಗೆ ಅಲ್ಲಿಗೆ ನಡೆದು ಹೋಗಿ, ಕೂಸು ಧನುರ್ವಾಯುವಿಗೆ ದವಡೆ ಬಿಗಿಯದೆ ಮೊಲೆ ಚೀಪುತ್ತಿದೆಯೇ ಎಂದು ಬೆರಳಿಟ್ಟು ನೋಡುತ್ತಿದ್ದಳು. ಕೂಸು ಗಟ್ಟಿಯಾಗಿ ಉಳಿಯಿತು.

ಹೊಸನಗರದ ಡಾಕ್ಟರ್ ನಾರಾಯಣಮೂರ್ತಿಯವರ ಕಿವಿಗೂ ಸುದ್ದಿ ಬಿದ್ದಿತ್ತು. ಅವರು ಗದರಿಸುವವರಲ್ಲ. "ಹೂವಮ್ಮ, ನಡೆದೇ ಹೋಗೋದಾದರೆ ಹುಂಚದ ಕಡೆಯ ಊರುಗಳನ್ನು ಬೇರೆಯವರಿಗೆ ಕೊಡಬೇಕಾಗುತ್ತೆ. ಸೈಕಲ್ಲೂ ಅವರಿಗೇ. ಯೋಚನೆ ಮಾಡಿ," ಎಂದಿದ್ದರು. ಅತ್ತ ಕಾರ್ಗಲ್ಲಿನ ಕಾಲೊನಿ ಆಸ್ಪತ್ರೆಯಲ್ಲಿ ಒಬ್ಬ ನರ್ಸು ಬೇಕಾಗಿತ್ತು. ಗಂಡನ ಜೊತೆ ಕ್ವಾರ್ಟರ್ಸಿನಲ್ಲಿ ಇರಬಹುದು, ನಲ್ಲಿ ನೀರು, ಕರೆಂಟು ದೀಪ, ಸೈಕಲ್ಲಿನ ಗೊಡವೆಯೇ ಇಲ್ಲ. ಹೂಂ ಅಥವಾ ಊಹೂಂ ಎಂದು ಜಟ್ಟಿಂಗಪ್ಪ ಸೋಮವಾರ ಹೋಗಿ ಹೇಳಬೇಕಿತ್ತು. ಅದಕ್ಕಾಗಿಯೇ ಈ ಸಲ ಅವನು ವರ್ಕ್‌ಶಾಪಿನಿಂದ ರಸಮಟ್ಟವನ್ನೇ ಕೇಳಿ ತಂದಿದ್ದ. ಮಾಡುವುದನ್ನೆಲ್ಲ ಮಾಡಿ ನೋಡದೆ ಹೆಂಡತಿಯನ್ನು ಆ ದಾರಿಯಿಂದ ಬಿಡಿಸುವ ಮನಸ್ಸು ಅವನಿಗೂ ಇರಲಿಲ್ಲ.

"ಅಡ್ಡಿಲ್ಲ ಅಂದ್ರೆ, ನಾಳೆ ಹತ್ಕೊಂಡು ಹೋಗ್ತೀಯಾ?" ಎಂದು ಈಗ ಅವನು ಕೇಳಿದ.

ಹೂವಮ್ಮ ಸೈಕಲ್ಲಿನ ಸ್ಟ್ಯಾಂಡು ಹಾಕಿದಳು.

"ಭಟ್ರು ನಿನ್ನೆ ನಾ ಬಸ್ಸು ಇಳಿಯೋದ್ರೊಳಗೇ ಹೇಳಿದ್ರು. ನಿನ್ನ ಹೆಂಡ್ತಿ ಸೈಕಲ್ಲಿಗೆ ಹಗ್ಗ ಒಂದು ಕಟ್ಟಿಲ್ಲ ಮಾರಾಯ, ಅಂತ. ನಾ ಎಂತ ಹೇಳ್ಲಿ ಅವರಿಗೆ? ಹೆದ್ರಿಕೆ ಏನಾದ್ರೂ ಆತಾ? ಬಿದ್ಯಾ ಎಲ್ಲಾದ್ರೂ?"

"ಹೆದ್ರಿಕೆ ಎಂತಕ್ಕೆ."

"ಮತ್ತೆಂತ? ಜನ ನಗ್ತಾರೆ ಅಂತನಾ?"

"ಜನ ನಕ್ರೆ ನಾನೂ ನಗ್ತೀನಿ."

"ಹಂಗಾರೆ ನಂಗೆ ತಿಳಿಯಲ್ಲ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಸ್ಪ್ಯಾನರನ್ನು ಚೀಲಕ್ಕೆ ಹಾಕಿದ. "ಎತ್ತರ ಸರಿ ಅದೆ, ಮಟ್ಟ ಸರಿ ಅದೆ, ಚರ್ಮ ಬಿಗಿ ಅದೆ. ಇನ್ನು ಸೀಟಲ್ಲಿ ತಪ್ಪಿಲ್ಲ. ಕೆಲವರಿಗೆ ಸೈಕಲ್ಲು ಆಗಿಬರಲ್ಲ ಹೂವಿ, ಅದ್ಕೆ ನಾಚ್ಕೆ ಎಂತದೂ ಬೇಡ. ನಾಳೆ ಹೋಗಿ, ಬರ್ತಾಳೆ ಅಂತ ಹೇಳಿಬಿಡ್ತೀನಿ."

ಹೂವಮ್ಮ ಜಗಲಿಯ ಕಡೆ ನೋಡಿದಳು. ಅಲ್ಲಿ ಕನ್ನಮ್ಮ ಮೊರದಲ್ಲಿ ಹುರುಳಿ ಕೇರುತ್ತಿದ್ದಳು. ಆ ಮನೆಯಲ್ಲಿ ಹೆಂಗಸರ ಮೈಯ ಸುದ್ದಿ ಗಂಡಸರ ಎದುರು ಬರುವಂತಿರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಅವಳು ಊಟದ ಹೊತ್ತಿಗೆ ಯಾರದೋ ಹೆರಿಗೆಯ ಮಾತು ತೆಗೆದಾಗ, ಆಸ್ಪತ್ರೆಯ ಮಾತನ್ನು ಆಸ್ಪತ್ರೆಯಲ್ಲೇ ಬಿಟ್ಟು ಬರಬೇಕೆಂದು ಅತ್ತೆ ಮೆತ್ತಗೆ, ಆದರೆ ಗಟ್ಟಿಯಾಗಿ ಹೇಳಿದ್ದಳು. ಪರರ ಮನೆಯ ಕತ್ತಲೆಕೋಣೆಯಲ್ಲಿ ಕೂತು, ಎಲ್ಲಿ ನೋವು, ಎಂಥ ನೋವು, ಬಿಡಿಸಿ ಹೇಳು ಎಂದು ಯಾವ ಹೆಂಗಸನ್ನಾದರೂ ಕೇಳಬಲ್ಲ ಹೂವಮ್ಮನ ನಾಲಿಗೆ, ಈ ಅಂಗಳದಲ್ಲಿ ಅಡ್ಡಿಲ್ಲ ಎಂಬ ಮಾತಿನಿಂದ ಮುಂದಕ್ಕೆ ಹೋಗುತ್ತಿರಲಿಲ್ಲ. ಗಂಡನ ಹತ್ತಿರ ರಾತ್ರಿ ಹೇಳಬಹುದಿತ್ತು. ಹೇಳಬೇಕೆಂದುಕೊಂಡಾಗೆಲ್ಲ ಅವನು ಕಾಗದ ಬಿಚ್ಚಿದ ಆ ಸಂಜೆಯ ಮುಖ ನೆನಪಾಗಿ, ನಾಳೆ ಸರಿಹೋದೀತು ಎಂದು ಮಗ್ಗುಲಾಗುತ್ತಿದ್ದಳು.

ಈಗ ನಾಳೆ ಎಂದರೆ ಕಾರ್ಗಲ್.

"ನಿಮ್ಮ ಸೀಮೆಸುಣ್ಣ ಕೊಡಿ," ಎಂದಳು.

ಕಬ್ಬಿಣದ ಮೇಲೆ ಗುರುತು ಹಾಕಲು ಜಟ್ಟಿಂಗಪ್ಪನ ಜೇಬಿನಲ್ಲಿ ಯಾವಾಗಲೂ ಒಂದು ತುಂಡು ಇರುತ್ತಿತ್ತು. ಎಂತಕ್ಕೆ ಎಂದು ಕೇಳದೆ ಕೊಟ್ಟ. ಅಂಗಳದಲ್ಲಿ ಕಾಲು ತೊಳೆಯಲು ಹಾಸಿದ್ದ ಚಪ್ಪಡಿ ಕಲ್ಲು ಒಣಗಿತ್ತು. ಹೂವಮ್ಮ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಶಿವಮೊಗ್ಗದ ತರಬೇತಿಯಲ್ಲಿ ಕಪ್ಪು ಹಲಗೆ ನೋಡಿ ಎಷ್ಟೋ ಸಲ ಬಿಡಿಸಿದ್ದನ್ನು ಬಿಡಿಸಿದಳು. ಎರಡು ಕಡೆ ಎರಡು ರೆಕ್ಕೆ, ನಡುವೆ ಅಗಲವಾದ ಬಳೆ, ಕೆಳಗೆ ಬೇರೆ ಬೇರೆ ದಿಕ್ಕಿಗೆ ಚಾಚಿದ ಎರಡು ಮೂಳೆಯ ತುದಿ.

ಜಟ್ಟಿಂಗಪ್ಪ ಬಗ್ಗಿ ನೋಡಿದ. ಚಿತ್ರ ಓದುವುದು ಅವನ ದಿನದ ಕೆಲಸ. "ಮೇಲಿಂದ ನೋಡಿದ್ದಾ? ಪ್ಲಾನಾ?"

"ಹ್ಞೂಂ, ಪ್ಲಾನು."

"ಎಂತದ್ರದ್ದು?"

"ನಂದು."

ಹೂವಮ್ಮ ಪಕ್ಕದಲ್ಲಿ ಇನ್ನೊಂದು ಬಿಡಿಸಿದಳು. ಬಳೆ ಕಿರಿದು, ಕೆಳಗಿನ ತುದಿಗಳು ಹತ್ತಿರ ಹತ್ತಿರ. "ಇದು ನಿಮ್ಮದು. ಗಂಡಸ್ರ ಸೊಂಟದ ಮೂಳೆಯೆಲ್ಲ ಹಿಂಗೆ." ಆಮೇಲೆ ಎರಡರ ಮೇಲೂ ಸೀಟಿನ ಆಕಾರ ಎಳೆದಳು. ಗಂಡಸಿನ ಚಿತ್ರದಲ್ಲಿ ಮೂಳೆಯ ತುದಿಗಳು ಸೀಟಿನ ಅಗಲದೊಳಗೆ ಬಂದು ಕೂತವು. ಹೆಂಗಸಿನದರಲ್ಲಿ ಎರಡೂ ಗೆರೆಯ ಆಚೆ ಉಳಿದವು.

ಜಟ್ಟಿಂಗಪ್ಪ ಬಹಳ ಹೊತ್ತು ನೋಡಿದ. "ಮೂಳೆ ಸೀಟಿನ ಮೇಲೆ ಕೂರಂಗೇ ಇಲ್ವಲ್ಲ," ಅಂದ, ತನಗೆ ತಾನೇ ಹೇಳಿಕೊಳ್ಳುವಂತೆ. "ಹಂಗಾರೆ ಭಾರ ಎಲ್ಲಿಗೆ ಬೀಳ್ತದೆ?"

ಹೂವಮ್ಮ ಸೀಮೆಸುಣ್ಣದ ತುದಿಯನ್ನು ಚಿತ್ರದ ಮುಂಭಾಗದಲ್ಲಿ, ಸೀಟಿನ ಮೂತಿ ಬರುವ ಜಾಗದಲ್ಲಿ ಒತ್ತಿದಳು. "ಇಲ್ಲಿಗೆ. ಇಡೀ ಮೈ ಭಾರ ಇಲ್ಲಿಗೇ ಬೀಳ್ತದೆ. ಅಲ್ಲಿ ಮೂಳೆ ಇಲ್ಲ, ಬರೀ ಮಾಂಸ. ಬಾತುಕೊಳ್ತದೆ. ಉಚ್ಚೆ ಹೊಯ್ದ್ರೆ ಉರಿ, ಕಣ್ಣಲ್ಲಿ ನೀರು ಬರಂಗೆ. ಎರಡು ದಿನ ಕೂರಕ್ಕಾಗಲ್ಲ, ಮೂರ್ನೇ ದಿನ ವಾಸಿ ಆಗೋದ್ರೊಳಗೆ ಮತ್ತೆ ಹತ್ಬೇಕು."

ಜಗಲಿಯ ಮೇಲೆ ಮೊರದ ಸದ್ದು ನಿಂತಿತು. ಹೂವಮ್ಮ ಅತ್ತ ತಿರುಗಲಿಲ್ಲ. ತಿರುಗಿದರೆ ಉಳಿದದ್ದನ್ನು ಹೇಳಲಾಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ಸೀಟು ತಂದ ದಿನದಿಂದನಾ?" ಎಂದು ಗಂಡ ಕೇಳಿದ.

"ಹ್ಞೂಂ."

"ನಾ ಮೂತಿ ಎತ್ತಿದ್ನಲ್ಲ..."

"ಆ ವಾರ ಜಾಸ್ತಿ ಆಗಿತ್ತು."

"ಥೂ ನನ್ನ!" ಜಟ್ಟಿಂಗಪ್ಪ ಎದ್ದು ನಿಂತು ಸೀಟಿನ ಕಡೆ ನೋಡಿದ, ಅದು ತನಗೆ ಸುಳ್ಳು ಹೇಳಿ ಸಿಕ್ಕಿಬಿದ್ದಿದೆ ಎಂಬಂತೆ. "ಒಂದು ಮಾತು ಹೇಳ್ಬಾರ್ದಾ ಮಾರಾಯ್ತಿ? ನಾ ಇಲ್ಲಿ ಗುಳ್ಳೆ ನೋಡ್ಕೊಂಡು ಕೂತಿದ್ದೆ!"

ಹೂವಮ್ಮನಿಗೆ ನಗು ಬಂತು. "ಮೂತಿ ಕೆಳಗೆ ಮಾಡಿ," ಎಂದಳು.

"ಜಾರ್ತೀಯ."

"ಜಾರಲಿ. ಮೊದಲು ಕೆಳಗೆ ಮಾಡಿ."

ಚೀಲದಿಂದ ಸ್ಪ್ಯಾನರು ಮತ್ತೆ ಹೊರಗೆ ಬಂತು. ಅವನು ನಟ್ಟು ಸಡಿಲಿಸಿ ಮೂತಿಯನ್ನು ಒಂದು ಬೆರಳಷ್ಟು ಇಳಿಸಿದ. ಅವಳು ಕಣ ಸುತ್ತಿ ಬಂದು, "ಇನ್ನೂ ಸ್ವಲ್ಪ," ಎಂದಳು. ಮತ್ತೆ ಇಳಿಸಿದ. ಈ ಸಲ ಅವಳು ನಿಜವಾಗಿಯೂ ಮುಂದಕ್ಕೆ ಜಾರಿ, ಭಾರವೆಲ್ಲ ಅಂಗೈಗೆ ಬಂತು. "ಜಾಸ್ತಿ ಆಯ್ತು. ಒಂದು ಕೂದಲಷ್ಟು ಮೇಲೆ." ಅವನು ಎತ್ತಿದ. ಆಮೇಲೆ ಚಪ್ಪಡಿ ಕಲ್ಲಿನ ಹತ್ತಿರ ಹೋಗಿ ಚಿತ್ರವನ್ನು ಇನ್ನೊಮ್ಮೆ ನೋಡಿ ಬಂದು, ಹ್ಯಾಂಡಲನ್ನು ಮೇಲಕ್ಕೆಳೆದ. "ಬೆನ್ನು ನೆಟ್ಟಗಾದ್ರೆ ಭಾರ ಹಿಂದಕ್ಕೆ ಹೋಗ್ಬೇಕು, ಅಲ್ದಾ? ನೋಡು." ಬಿಗಿದಿದ್ದ ಚರ್ಮವನ್ನು ಒಂದಿಷ್ಟು ಸಡಿಲಿಸಿ, ಹಿಂಬದಿಗೆ ಗೋಣಿಯ ತುಂಡನ್ನು ಮಡಚಿ ಅಗಲ ಬರುವಂತೆ ಹುರಿಯಲ್ಲಿ ಕಟ್ಟಿದ. ನೋಡಲು ಬಲು ವಿಕಾರವಾಯಿತು.

"ಸಾಗರದಲ್ಲಿ ಅಗಲದ್ದು ಸಿಗ್ತದಾ ನೋಡ್ತೀನಿ. ಸಿಗದಿದ್ರೆ ತಗಡು ಬಗ್ಗಿಸಿ ನಾನೇ ಮಾಡ್ತೀನಿ. ಅಳತೆ ಒಂದು ಬೇಕಲ್ಲ." ಎಂದವನು ಅಳತೆ ಎಲ್ಲಿಂದ ತೆಗೆಯಬೇಕಾಗುತ್ತದೆ ಎಂಬುದು ಹೊಳೆದು ಕಿವಿಯವರೆಗೆ ಕೆಂಪಾದ. ಹೂವಮ್ಮ ಸೆರಗು ಬಾಯಿಗಿಟ್ಟು ನಕ್ಕಳು.

ಕೊನೆಯ ಸಲ ಅವಳು ಕಣದಲ್ಲಿ ಸುತ್ತಲಿಲ್ಲ. ಬೇಲಿಯ ತಡಮೆಯ ಗಳುಗಳನ್ನು ಸರಿಸಿ ರಸ್ತೆಗೆ ಇಳಿದು, ಹುಂಚದ ದಿಕ್ಕಿನಲ್ಲಿ ಮೋರಿಯವರೆಗೆ ಹೋದಳು. ಕಲ್ಲು ರಸ್ತೆ, ಕುಲುಕಾಟ ಇದ್ದೇ ಇತ್ತು. ಮೊದಲ ಕುಲುಕಿಗೆ ಅವಳ ಮೈ ರೂಢಿಯಂತೆ ಬಿಗಿಯಿತು. ನೋವು ಬರಲಿಲ್ಲವೆಂದಲ್ಲ, ಹಳೆಯ ನೋವು ಇನ್ನೂ ಅಲ್ಲೇ ಇತ್ತು. ಆದರೆ ಹೊಸ ಪೆಟ್ಟು ಬೀಳಲಿಲ್ಲ. ಮೂಳೆಗಳು ಗೋಣಿಯ ಮೇಲೆ ಊರಿ ನಿಂತಿದ್ದವು. ಮೋರಿಯ ಬಳಿ ಕಾಲೂರಿ, ಮುಂದಿನ ಏರನ್ನು ನೋಡಿದಳು, ಸೈಕಲ್ ತಿರುಗಿಸಿಕೊಂಡು ಬಂದಳು.

"ಹೆಂಗದೆ?"

"ಪೂರ್ತಿ ಸರಿ ಆಗಿಲ್ಲ," ಎಂದಳು ಹೂವಮ್ಮ. "ಆದ್ರೆ ನಾಳೆ ಹತ್ಕೊಂಡು ಹೋಗ್ತೀನಿ."

ಜಟ್ಟಿಂಗಪ್ಪ ಸ್ಪ್ಯಾನರಿಗೆ ಅಂಟಿದ ಎಣ್ಣೆಯನ್ನು ಒರೆಸುತ್ತ ತಲೆಯಾಡಿಸಿದ. "ಹಂಗಾರೆ ಬರಲ್ಲ ಅಂತ ಹೇಳ್ತೀನಿ ಅಲ್ಲಿ." ಸ್ಪ್ಯಾನರನ್ನು ಚೀಲಕ್ಕೆ ತುರುಕಿ, "ಕ್ವಾರ್ಟರ್ಸಲ್ಲಿ ನಾನೇ ಇನ್ನಷ್ಟು ದಿನ ಅನ್ನ ಸೀಯಿಸ್ಕೊಂಡು ತಿಂತೀನಿ," ಎಂದ.

ಊಟ ಮುಗಿಸಿ ಅವನು ಬಸ್ಸಿಗೆ ಹೊರಟ. ತಡಮೆಯವರೆಗೆ ಹೋಗಿ ಬೀಳ್ಕೊಟ್ಟು ಹೂವಮ್ಮ ಹಿಂದಿರುಗಿದಾಗ, ಕನ್ನಮ್ಮ ಚಪ್ಪಡಿ ಕಲ್ಲಿನ ಮುಂದೆ ನಿಂತಿದ್ದಳು. ಬೆಳಗಿನಿಂದ ಅವಳು ಸೊಸೆಯ ಜೊತೆ ಮಾತಾಡಿರಲಿಲ್ಲ. ಊಟಕ್ಕೆ ಬಡಿಸುವಾಗಲೂ ಮುಖ ಎತ್ತಿರಲಿಲ್ಲ. ಈಗ ಕೈಯಲ್ಲಿ ನೀರಿನ ಚೆಂಬು ಇತ್ತು.

"ತೊಳೀತೀನಿ ಅತ್ತೆ, ಕೊಡಿ," ಎಂದಳು ಹೂವಮ್ಮ.

ಕನ್ನಮ್ಮ ಚೆಂಬು ಕೊಡಲಿಲ್ಲ. "ಇದು ಎಲ್ಲ ಹೆಂಗಸ್ರದ್ದೂ ಹಿಂಗೇ ಇರ್ತದಾ?"

"ಹೆಚ್ಚು ಕಮ್ಮಿ ಹಿಂಗೇ."

"ನಂದೂ?"

"ನಿಮ್ಮದೂ."

ಕನ್ನಮ್ಮ ಚೆಂಬನ್ನು ನೆಲಕ್ಕಿಟ್ಟು, ಮೊಣಕಾಲಿನ ಮೇಲೆ ಕೈ ಊರಿ ಮೆಲ್ಲಗೆ ಬಗ್ಗಿದಳು. ತೋರುಬೆರಳನ್ನು ಸುಣ್ಣದ ಗೆರೆಗೆ ತಾಗದಂತೆ ಆ ಬಳೆಯ ನಡುವೆ ಇಟ್ಟಳು.

"ಇಲ್ಲಿಂದ ನಂಗೆ ಎಂತದೋ ಕೆಳಗೆ ಇಳೀತದೆ ಹೂವಿ. ಭಾರ ಎತ್ತಿದ್ರೆ ಹೊರಗೇ ಬರ್ತದೆ. ಜಟ್ಟಿ ಹುಟ್ಟಿದ ವರ್ಷದಿಂದ. ಕೈಯಲ್ಲಿ ಒಳಗೆ ತಳ್ಕೊಂಡು ಕೆಲ್ಸ ಮಾಡ್ತೀನಿ." ಬೆರಳನ್ನು ಹಿಂದಕ್ಕೆ ಎಳೆದುಕೊಂಡು, "ಎಲ್ರಿಗೂ ಹಂಗೇನೋ ಅಂತ ತಿಳ್ಕೊಂಡಿದ್ದೆ," ಎಂದಳು.

ಹೂವಮ್ಮ ಅತ್ತೆಯ ತೋಳು ಹಿಡಿದು ಎಬ್ಬಿಸಿದಳು. "ಒಳಗೆ ಹೋಗಿ ಮಲಗಿರಿ, ಬಂದು ನೋಡ್ತೀನಿ," ಎಂದು ಬಚ್ಚಲಿಗೆ ಹೋಗಿ, ಹಂಡೆಯಿಂದ ಬಿಸಿನೀರು ತೋಡಿಕೊಂಡು, ಬಳೆಗಳನ್ನು ತೆಗೆದು ಗೂಡಿನಲ್ಲಿಟ್ಟು, ಮೊಣಕೈವರೆಗೆ ಸೋಪು ಹಚ್ಚಿದಳು. ಒಳಕೋಣೆಯಲ್ಲಿ ಚಾಪೆ ಬಿಡಿಸುವ ಸದ್ದು ಕೇಳಿತು, ಆಮೇಲೆ ಕನ್ನಮ್ಮ ಕಿಟಕಿಯ ಬಾಗಿಲನ್ನು ಎಳೆದು ಮುಚ್ಚಿದ ಸದ್ದು. ತೊಳೆದ ಕೈಗಳನ್ನು ಎಲ್ಲಿಯೂ ತಾಗದಂತೆ ಎದೆಯ ಮಟ್ಟಕ್ಕೆ ಎತ್ತಿ ಹಿಡಿದು, ಹೂವಮ್ಮ ಮೊಣಕೈಯಿಂದ ಕೋಣೆಯ ಬಾಗಿಲು ತಳ್ಳಿದಳು.